ಹೊಸ ಭಾಗ ಹಾಕಿದ ಮೇಲೆ ಪಿಸಿ ಏಳುತ್ತಿಲ್ಲವೇ? ಹದಿನಾಲ್ಕು ಸೂತ್ರಗಳು

ಹೊಸ ಗ್ರಾಫಿಕ್ಸ್ ಕಾರ್ಡೋ ರ‍್ಯಾಮೋ ಪ್ರೊಸೆಸರೋ ಹಾಕಿ, ಕ್ಯಾಬಿನೆಟ್ ಮುಚ್ಚಿ, ಬಟನ್ ಒತ್ತಿದರೆ ಡಿಸ್‌ಪ್ಲೇ ಇಲ್ಲ. ಆ ಕ್ಷಣಕ್ಕೆ ಎಲ್ಲರ ಬಾಯಲ್ಲೂ ಬರುವ ಮಾತು: ಅಂಗಡಿಯವನು ಕೆಟ್ಟ ಮಾಲು ದಾಟಿಸಿದ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡದ್ದಿರಲಿ, ಆನ್‌ಲೈನಿನಲ್ಲಿ ತರಿಸಿದ್ದಿರಲಿ, ಹೊಸ ಭಾಗ ಸತ್ತೇ ಬಂದಿರುವುದು ಅಪರೂಪ. ಬಹುಪಾಲು ಸಲ ಅದನ್ನು ಕೂರಿಸಲು ಒಳಗೆ ಹೋದ ಕೈ ಪಕ್ಕದ ಯಾವುದನ್ನೋ ಸಡಿಲಿಸಿರುತ್ತದೆ. ಇಲ್ಲವೇ ಹೊಸದಕ್ಕೂ ಹಳೆಯದಕ್ಕೂ ಹೊಂದಿಕೆಯಾಗಿರುವುದಿಲ್ಲ. ಎರಡಕ್ಕೂ ಮನೆಯಲ್ಲೇ ಮದ್ದುಂಟು. ಬೇಕಾದ್ದು ಒಂದು ಸ್ಟಾರ್ ಸ್ಕ್ರೂಡ್ರೈವರ್, ಮೊಬೈಲಿನ ಟಾರ್ಚು, ಮದರ್‌ಬೋರ್ಡಿನ ಕೈಪಿಡಿ.

1. ಎಲ್ಲಿ ನಿಂತಿದೆ ಎಂದು ಮೊದಲು ಗುರುತಿಸಿ

‘ಏಳುತ್ತಿಲ್ಲ’ ಎಂಬ ಒಂದೇ ದೂರಿನಲ್ಲಿ ನಾಲ್ಕು ಬೇರೆ ಬೇರೆ ಕಾಯಿಲೆಗಳಿವೆ. ಬಟನ್ ಒತ್ತಿದರೂ ಫ್ಯಾನು ಅಲುಗದಿರುವುದು ಒಂದು. ಫ್ಯಾನು, ದೀಪ ಎಲ್ಲ ಇದ್ದು ಪರದೆ ಕಪ್ಪಾಗಿರುವುದು ಎರಡನೆಯದು. ಹೊತ್ತಿಕೊಂಡು ಕೆಲವೇ ಸೆಕೆಂಡಿನಲ್ಲಿ ಆರುವುದು ಮೂರನೆಯದು. ಕಂಪನಿಯ ಲೋಗೊ ಬಂದು ವಿಂಡೋಸ್ ಬಾರದಿರುವುದು ನಾಲ್ಕನೆಯದು. ಒಂದಕ್ಕೆ ಹಚ್ಚುವ ಔಷಧ ಇನ್ನೊಂದಕ್ಕೆ ನಾಟುವುದಿಲ್ಲ. ಪರದೆಯ ಮೇಲೆ ಲೋಗೊ ಕಂಡಿದ್ದರೆ ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ಮೂರೂ ಅಷ್ಟರ ಮಟ್ಟಿಗೆ ಬದುಕಿವೆ ಎಂದೇ ಅರ್ಥ. ಅವನ್ನು ಬಿಚ್ಚಲು ಹೋಗದೆ ನೇರವಾಗಿ 13ನೆಯ ಸೂತ್ರಕ್ಕೆ ಹೋಗಿ.

2. ಕೊನೆಗೆ ಮುಟ್ಟಿದ್ದನ್ನು ವಾಪಸು ತೆಗೆಯಿರಿ

ಹೊಸದನ್ನು ಬಿಚ್ಚಿ ಹಳೆಯದನ್ನೇ ಹಾಕಿ ನೋಡಿ. ಹಳೆಯದರಲ್ಲಿ ಪಿಸಿ ಎದ್ದರೆ ತಕರಾರು ಹೊಸ ಭಾಗದ್ದು, ಅದಕ್ಕೆ ಬೇಕಾದ ಕರೆಂಟಿನದ್ದು ಅಥವಾ ಬೋರ್ಡಿನ ಮೂಲ ತಂತ್ರಾಂಶವಾದ ಬಯಾಸಿನದ್ದು. ಹಳೆಯದರಲ್ಲೂ ಏಳದಿದ್ದರೆ ಹೊಸ ಭಾಗ ನಿರಪರಾಧಿ. ಯಾವುದೋ ಕೇಬಲ್ ಅಥವಾ ಕಾರ್ಡು ಜಾಗ ಬಿಟ್ಟಿದೆ. ಈ ಒಂದು ಪರೀಕ್ಷೆ ಅರ್ಧ ಕೆಲಸ ಮುಗಿಸುತ್ತದೆ. ಆದರೂ ಇದನ್ನು ಮಾಡುವವರು ಕಡಿಮೆ, ಏಕೆಂದರೆ ಈಗಷ್ಟೇ ಕಷ್ಟಪಟ್ಟು ಹಾಕಿದ್ದನ್ನು ಬಿಚ್ಚಲು ಯಾರಿಗೂ ಮನಸ್ಸಾಗುವುದಿಲ್ಲ.

ರ‍್ಯಾಮ್, ಪ್ರೊಸೆಸರ್, ಗ್ರಾಫಿಕ್ಸ್ ಎಲ್ಲವನ್ನೂ ಒಂದೇ ಸಲಕ್ಕೆ ಬದಲಿಸಿದವರಿಗೆ ಈ ದಾರಿ ಮುಚ್ಚಿದೆ. ಮುಂದಿನ ಸಲವಾದರೂ ಒಂದು ಹಾಕಿ, ಆನ್ ಮಾಡಿ ನೋಡಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕಿ.

3. ಪ್ಲಗ್ ಕಿತ್ತ ಮೇಲೆಯೇ ಒಳಗೆ ಕೈ

ಶಟ್‌ಡೌನ್ ಮಾಡಿದ ಪಿಸಿಯಲ್ಲೂ ಮದರ್‌ಬೋರ್ಡಿಗೆ 5 ವೋಲ್ಟ್ ಹರಿಯುತ್ತಲೇ ಇರುತ್ತದೆ. ಬಟನ್ ಒತ್ತಿದ್ದು ಅದಕ್ಕೆ ಗೊತ್ತಾಗುವುದೇ ಆ ಕರೆಂಟಿನಿಂದ. ಆದ್ದರಿಂದ ಪ್ಲಗ್ ತೆಗೆದು, ಪವರ್ ಬಟನನ್ನು ಹತ್ತು ಹದಿನೈದು ಸೆಕೆಂಡು ಒತ್ತಿ ಹಿಡಿದು, ಬೋರ್ಡಿನ ಮೇಲಿನ ಪುಟ್ಟ ದೀಪ ಆರಿದ್ದನ್ನು ನೋಡಿಯೇ ಕೆಲಸಕ್ಕೆ ಇಳಿಯಿರಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಜಾಗವನ್ನು ಆಗಾಗ ಮುಟ್ಟುತ್ತಿದ್ದರೆ ಮೈಯಲ್ಲಿ ಸೇರಿದ ಸ್ಥಿರ ವಿದ್ಯುತ್ತು ಇಳಿಯುತ್ತದೆ.

ಪಿಸಿಗೆ ಕರೆಂಟು ಕೊಡುವ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಎಂದೂ ಬಿಚ್ಚಬೇಡಿ. 230 ವೋಲ್ಟಿನ ಎಸಿ ಅದರೊಳಗೆ ಡಿಸಿಯಾಗುವಾಗ 325 ವೋಲ್ಟಿನ ಆಸುಪಾಸಿಗೆ ಏರುತ್ತದೆ, ಕೆಪಾಸಿಟರುಗಳು ಅದನ್ನು ಪ್ಲಗ್ ಕಿತ್ತ ಮೇಲೂ ಹಿಡಿದಿಟ್ಟಿರಬಹುದು.

4. ಪೂರ್ತಿ ಸತ್ತಂತಿದ್ದರೆ ಗೋಡೆಯಿಂದ ಶುರುಮಾಡಿ

ಎಸ್‌ಎಂಪಿಎಸ್ ಹಿಂಬದಿಯ ಸ್ವಿಚ್ಚು ಆನ್ ಇದೆಯೇ? ಕೇಬಲನ್ನು ಪೂರ್ತಿ ಒತ್ತಿದ್ದೀರಾ? ಯುಪಿಎಸ್ ತಪ್ಪಿಸಿ ಗೋಡೆಯ ಸಾಕೆಟ್ಟಿಗೇ ಹಾಕಿ ನೋಡಿದಿರಾ? ನಗಬೇಡಿ, ಸರ್ವಿಸ್ ಅಂಗಡಿಗೆ ಹೊತ್ತು ತಂದ ಪಿಸಿ ಅಲ್ಲಿ ಮೊದಲ ಒತ್ತಿಗೇ ಎದ್ದು ಕೂರುವುದು ಇದರಿಂದಲೇ.

ಮದರ್‌ಬೋರ್ಡ್ ಬದಲಿಸಿದ್ದರೆ ಕ್ಯಾಬಿನೆಟ್ಟಿನ ಮುಂಭಾಗದಿಂದ ಬರುವ ಸಣ್ಣ ವೈರುಗಳ ಮೇಲೆ ಮೊದಲ ಅನುಮಾನ. ‘ಪವರ್ ಸ್ವಿಚ್’ ಎಂದು ಬರೆದ ಎರಡು ತೂತಿನ ಕ್ಲಿಪ್ಪು ಬೋರ್ಡಿನ ಕೆಳಮೂಲೆಯ ಸರಿಯಾದ ಎರಡು ಪಿನ್ನಿಗೆ ಕೂರಬೇಕು. ಒಂದು ಪಿನ್ ಆಚೀಚೆಯಾದರೂ ಬಟನ್ ಕೆಲಸ ಮಾಡದು. ಸ್ವಿಚ್ಚಿನ ಕ್ಲಿಪ್ಪು ಉಲ್ಟಾ ಹಾಕಿದರೂ ನಡೆಯುತ್ತದೆ. ದೀಪದ ಕ್ಲಿಪ್ಪಿಗೆ ಮಾತ್ರ ಪ್ಲಸ್ಸು ಮೈನಸ್ಸು ಇದೆ. ಕೈಪಿಡಿಯ ಚಿತ್ರ ನೋಡಿ ಆ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಸೇರಿಸಿ. ಪಿಸಿ ಎದ್ದರೆ ಬೋರ್ಡೂ ಎಸ್‌ಎಂಪಿಎಸ್ಸೂ ಸರಿಯಿವೆ, ಬಟನ್ನೋ ವೈರೋ ಕೈಕೊಟ್ಟಿದೆ.

ಫ್ಯಾನು ಒಮ್ಮೆ ಮಿಸುಕಿ ನಿಂತುಬಿಡುತ್ತಿದ್ದರೆ ಎಲ್ಲೋ ಶಾರ್ಟ್ ಆಗಿ ಎಸ್‌ಎಂಪಿಎಸ್ ತನ್ನನ್ನು ತಾನು ರಕ್ಷಿಸಿಕೊಳ್ಳುತ್ತಿದೆ. ಮತ್ತೆ ಮತ್ತೆ ಬಟನ್ ಒತ್ತಬೇಡಿ. ಪ್ಲಗ್ ಕಿತ್ತು ಕೆಲವು ನಿಮಿಷ ಬಿಟ್ಟು, 11ನೆಯ ಸೂತ್ರ ಪಾಲಿಸಿ.

5. ಬೋರ್ಡಿಗೆ ಒಂದಲ್ಲ, ಎರಡು ಪವರ್ ಕೇಬಲ್

24 ಪಿನ್ನಿನ ಅಗಲವಾದದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ಪ್ರೊಸೆಸರಿಗೆಂದೇ ಇರುವ 4 ಅಥವಾ 8 ಪಿನ್ನಿನದು ಬೋರ್ಡಿನ ಮೇಲಿನ ಎಡಮೂಲೆಯಲ್ಲಿ, ಕೂಲರಿನ ನೆರಳಿನಲ್ಲಿ ಅಡಗಿರುತ್ತದೆ. ಅದನ್ನು ಮರೆತರೆ ಫ್ಯಾನು ತಿರುಗುತ್ತದೆ, ದೀಪ ಹೊಳೆಯುತ್ತದೆ, ಡಿಸ್‌ಪ್ಲೇ ಮಾತ್ರ ಬರುವುದಿಲ್ಲ.

ಇಲ್ಲಿಯೇ ಒಂದು ಅಪಾಯವೂ ಇದೆ. ಗ್ರಾಫಿಕ್ಸ್ ಕಾರ್ಡಿನ 8 ಪಿನ್ ಕೇಬಲ್ ನೋಡಲು ಹೆಚ್ಚುಕಡಿಮೆ ಪ್ರೊಸೆಸರಿನದರಂತೆಯೇ ಕಾಣುತ್ತದೆ, ಆದರೆ 12 ವೋಲ್ಟೂ ಗ್ರೌಂಡೂ ಅದರಲ್ಲಿ ಅದಲುಬದಲು. ಪಿನ್ನುಗಳ ಆಕಾರ ಬೇರೆ ಮಾಡಿರುವುದು ತಪ್ಪು ಕೇಬಲ್ ಹೋಗದಿರಲಿ ಎಂದೇ. ಹೋಗದಿದ್ದರೆ ಬಲಪ್ರಯೋಗ ಬೇಡ, ಕೇಬಲ್ ಮೇಲೆ ಬರೆದಿರುವುದನ್ನು ಓದಿ.

ಎಸ್‌ಎಂಪಿಎಸ್ ಬದಲಿಸಿದವರು ಇನ್ನೊಂದು ಮಾತು ಕೇಳಿ. ಎರಡೂ ಕಡೆ ಬಿಚ್ಚಿಕೊಳ್ಳುವ ಮಾಡ್ಯುಲರ್ ಕೇಬಲ್ಲುಗಳು ಒಂದು ಕಂಪನಿಯವು ಇನ್ನೊಂದಕ್ಕೆ ಆಗುವುದಿಲ್ಲ, ಎಷ್ಟೋ ಸಲ ಒಂದೇ ಕಂಪನಿಯ ಎರಡು ಮಾಡೆಲ್‌ಗಳ ನಡುವೆಯೂ ಆಗುವುದಿಲ್ಲ. ಪ್ಲಗ್ಗೇನೋ ಚೆನ್ನಾಗಿ ಕೂರುತ್ತದೆ, ಒಳಗಿನ ತಂತಿಗಳ ಕ್ರಮ ಬೇರೆ. ಹಳೆಯ ಕೇಬಲ್ಲು ಹೇಗೂ ಕ್ಯಾಬಿನೆಟ್ಟಿನಲ್ಲಿ ಎಳೆದಿದೆಯಲ್ಲ ಎಂದು ಅದನ್ನೇ ಹೊಸ ಡಬ್ಬಿಗೆ ಸಿಕ್ಕಿಸಿ, ವರ್ಷಗಳ ಫೋಟೊ ತುಂಬಿದ ಹಾರ್ಡ್‌ಡಿಸ್ಕನ್ನು ಸುಟ್ಟುಕೊಂಡವರಿದ್ದಾರೆ. ಹೊಸ ಡಬ್ಬಿಯೊಂದಿಗೆ ಬಂದ ಕೇಬಲ್ಲುಗಳನ್ನೇ ಎಳೆಯಿರಿ, ಒಂದು ಗಂಟೆ ಹೆಚ್ಚು ಹಿಡಿದರೂ ಚಿಂತೆಯಿಲ್ಲ.

6. ರ‍್ಯಾಮ್: ಎರಡು ತುದಿಯೂ ಕೂತಿದೆಯೇ?

ಫ್ಯಾನು ತಿರುಗಿ ಪರದೆ ಕಪ್ಪಾಗಿದ್ದರೆ ನನ್ನ ಮೊದಲ ಅನುಮಾನ ಯಾವಾಗಲೂ ರ‍್ಯಾಮಿನ ಮೇಲೆಯೇ. ನೀವು ರ‍್ಯಾಮ್ ಮುಟ್ಟಿರದಿದ್ದರೂ ಸರಿ, ಕೂಲರ್ ಬಿಚ್ಚುವಾಗ ಮೊಣಕೈ ತಾಗಿರುತ್ತದೆ.

ಈಗಿನ ಅನೇಕ ಬೋರ್ಡುಗಳಲ್ಲಿ ಸ್ಲಾಟಿನ ಒಂದು ತುದಿಗೆ ಮಾತ್ರ ಕೊಂಡಿ ಇದೆ, ಇನ್ನೊಂದು ತುದಿ ಬರೀ ತೋಡು. ಕೊಂಡಿಯ ಕಡೆ ‘ಟಕ್’ ಎಂದ ಕೂಡಲೇ ಕೂತಿತು ಎಂದುಕೊಳ್ಳುತ್ತೇವೆ. ಆಚೆ ತುದಿ ಕೂದಲೆಳೆಯಷ್ಟು ಎದ್ದಿರುತ್ತದೆ. ಟಾರ್ಚು ಹಿಡಿದು ಬದಿಯಿಂದ ನೋಡಿ: ಚಿನ್ನದ ಬಣ್ಣದ ಪಟ್ಟಿ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಕಾಣುತ್ತಿದ್ದರೆ ಕಡ್ಡಿ ಓರೆಯಾಗಿದೆ. ಪೂರ್ತಿ ತೆಗೆದು, ಎರಡೂ ತುದಿಗೆ ಹೆಬ್ಬೆರಳಿಟ್ಟು ಒತ್ತಿ. ನೀವಂದುಕೊಂಡದ್ದಕ್ಕಿಂತ ಹೆಚ್ಚೇ ಬಲ ಬೇಕು.

ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಎರಡು ಕಡ್ಡಿಗಳಿಗೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟು. ಡಿಸ್‌ಪ್ಲೇ ಬಾರದಿದ್ದರೆ ಒಂದೇ ಕಡ್ಡಿಯನ್ನು ಎರಡನೆಯ ಸ್ಲಾಟಿನಲ್ಲಿಟ್ಟು ನೋಡಿ, ಆಮೇಲೆ ಇನ್ನೊಂದನ್ನು ಅದೇ ಜಾಗದಲ್ಲಿಟ್ಟು ನೋಡಿ. ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್ನೇ, ಆದರೆ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ. ಒಂದು ಇನ್ನೊಂದರಲ್ಲಿ ಕೂರದು. ಹೆಸರು ಹೆಚ್ಚುಕಡಿಮೆ ಒಂದೇ ಇರುವ ಬೋರ್ಡು ಎರಡು ರ‍್ಯಾಮಿಗೂ ಬೇರೆ ಬೇರೆಯಾಗಿ ಬರುವುದರಿಂದ ಕೊಳ್ಳುವಾಗ ಪೂರ್ತಿ ಹೆಸರು ಓದಿ.

ನಮ್ಮ ಮೆಕ್ಯಾನಿಕ್ಕುಗಳ ಪ್ರಸಿದ್ಧ ರಬ್ಬರ್ ಪ್ರಯೋಗ ಹಳೆಯ ರ‍್ಯಾಮಿಗೆ ಈಗಲೂ ಫಲ ಕೊಡುತ್ತದೆ. ಪಿನ್ನುಗಳ ಮೇಲಿನ ಕಿಲುಬನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಪುಡಿ ಒರೆಸಿದರೆ ಸಾಕು. ಈಗಷ್ಟೇ ಪ್ಯಾಕು ಒಡೆದ ಹೊಸ ರ‍್ಯಾಮಿಗೆ ಅದರ ಅಗತ್ಯವಿಲ್ಲ.

2022ರಲ್ಲಿ ಬಂದ ಎಎಂಡಿಯ ಎಎಂ5 ಬೋರ್ಡುಗಳವರಿಗೆ ಬೇಕಾದ್ದು ತಾಳ್ಮೆ. ರ‍್ಯಾಮ್ ಹೊಸದಾದಾಗ ಬೋರ್ಡು ಅದರ ಜೊತೆ ಲಯ ಹೊಂದಿಸಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳಬಹುದು. ಅಷ್ಟು ಹೊತ್ತೂ ಪರದೆ ಕಪ್ಪಗೇ ಇರುತ್ತದೆ. ಗಾಬರಿಯಿಂದ ನಡುವೆ ಆಫ್ ಮಾಡಿದರೆ ಮತ್ತೆ ಮೊದಲಿನಿಂದ ಶುರು. ಕಾಲು ಗಂಟೆ ಬಿಟ್ಟು ಬನ್ನಿ.

7. ಮಾನಿಟರ್ ಕೇಬಲ್ ಯಾವ ತೂತಿನಲ್ಲಿದೆ?

ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಕೇಬಲ್ ಕಾರ್ಡಿಗೇ ಹೋಗಬೇಕು, ಬೋರ್ಡಿನ ಎಚ್‌ಡಿಎಂಐಗೆ ಅಲ್ಲ. ಪ್ರೊಸೆಸರ್ ಬದಲಿಸಿದವರೂ ನೋಡಿಕೊಳ್ಳಿ: ಹೆಸರಿನ ಕೊನೆಗೆ ‘ಎಫ್’ ಇರುವ ಇಂಟೆಲ್ ಪ್ರೊಸೆಸರುಗಳಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ, ರೈಜೆನ್ 5 5600ರಲ್ಲಿ ಇಲ್ಲ, 5600ಜಿಯಲ್ಲಿ ಇದೆ. ಇಲ್ಲದ ಗ್ರಾಫಿಕ್ಸನ್ನು ಬೋರ್ಡಿನ ತೂತು ತೋರಿಸುವುದಾದರೂ ಹೇಗೆ?

8. ಗ್ರಾಫಿಕ್ಸ್ ಕಾರ್ಡಿಗೆ ಹೊಟ್ಟೆ ತುಂಬುತ್ತಿದೆಯೇ?

ಸ್ಲಾಟಿನಿಂದ ಕಾರ್ಡಿಗೆ ಸಿಗುವುದು 75 ವ್ಯಾಟ್. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡುಗಳಿಗೆ ಪ್ರತ್ಯೇಕ ಕೇಬಲ್ ಇದೆ: 6 ಪಿನ್ನಿನದು 75 ವ್ಯಾಟಿಗೆ, 8 ಪಿನ್ನಿನದು 150 ವ್ಯಾಟಿಗೆ. ಅದನ್ನು ಸಿಕ್ಕಿಸದೆ ಕಾರ್ಡು ನಡೆಯದು. ಆರ್‌ಟಿಎಕ್ಸ್ 40 ಸರಣಿಯೊಂದಿಗೆ ಬಂದ ಹೊಸ ಸಣ್ಣ ಕನೆಕ್ಟರನ್ನಂತೂ ತುದಿಯವರೆಗೆ ಒತ್ತಲೇಬೇಕು. ಅರ್ಧ ಕೂತ ಕನೆಕ್ಟರುಗಳು ಕಾದು ಕರಗಿದ್ದು ಆ ಕಾರ್ಡುಗಳ ಮೊದಲ ವರ್ಷದ ದೊಡ್ಡ ಸುದ್ದಿಯಾಗಿತ್ತು.

ಕಾರ್ಡು ಕೂರುವ ರೀತಿಯಲ್ಲೂ ಒಂದು ಸೂಕ್ಷ್ಮವಿದೆ. ಒತ್ತಿದಾಗ ಸರಿಯಾಗಿಯೇ ಕೂತಿರುತ್ತದೆ. ಆಮೇಲೆ ಹಿಂಬದಿಯ ಸ್ಕ್ರೂ ಬಿಗಿಯುವಾಗ, ಕ್ಯಾಬಿನೆಟ್ಟಿನ ತಗಡು ಒಂದಿಷ್ಟು ಸೊಟ್ಟಗಿದ್ದರೆ, ಕಾರ್ಡಿನ ಇನ್ನೊಂದು ತುದಿ ಸ್ಲಾಟಿನಿಂದ ಮೇಲೆದ್ದು ಬರುತ್ತದೆ. ಸ್ಕ್ರೂ ಸಡಿಲಿಸಿ, ಕಾರ್ಡನ್ನು ಮತ್ತೆ ಒತ್ತಿ, ಹಾಗೇ ಆನ್ ಮಾಡಿ ನೋಡಿ.

ಮೈತುಂಬಾ ಬಣ್ಣದ ದೀಪಗಳ ಕ್ಯಾಬಿನೆಟ್ಟು, ದುಬಾರಿ ಕಾರ್ಡು, ಒಳಗೆ ಮಾತ್ರ ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬಂದ ಎಸ್‌ಎಂಪಿಎಸ್. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಅಂಥ ಪಿಸಿ ಏಳಬಹುದು. ಗೇಮ್ ಶುರುವಾದ ಕೂಡಲೇ ಮಲಗುತ್ತದೆ.

9. ಸಾಕೆಟ್ ಒಂದೇ ಎಂದ ಮಾತ್ರಕ್ಕೆ ಪ್ರೊಸೆಸರ್ ನಡೆಯಬೇಕಿಲ್ಲ

ತೀರಾ ಸಾಮಾನ್ಯವಾದ ಪ್ರಸಂಗ ಇದು. 2018ರಲ್ಲಿ ಬಂದ ಬಿ450 ಬೋರ್ಡು, ಅದರಲ್ಲಿ ಹಳೆಯ ರೈಜೆನ್. ಕಡಿಮೆ ಖರ್ಚಿನಲ್ಲಿ ಪಿಸಿಗೆ ಹೊಸ ಜೀವ ಬರಲಿ ಎಂದು ರೈಜೆನ್ 5 5600 ತಂದು ಹಾಕುತ್ತಾರೆ. ಸಾಕೆಟ್ ಎಎಂ4, ಎರಡಕ್ಕೂ ಅದೇ. ಫ್ಯಾನು ತಿರುಗುತ್ತದೆ, ಪರದೆ ಕಪ್ಪು. ಪ್ರೊಸೆಸರ್ ಕೆಟ್ಟಿಲ್ಲ, ಬೋರ್ಡೂ ಕೆಟ್ಟಿಲ್ಲ. ರೈಜೆನ್ 5000 ಸರಣಿ ಹುಟ್ಟಿದ್ದೇ 2020ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಬಯಾಸಿಗೆ ಅದರ ಗುರುತೇ ಇಲ್ಲ. ಹಳೆಯ ಪ್ರೊಸೆಸರನ್ನು ಮತ್ತೆ ಹಾಕಿ, ಬೋರ್ಡ್ ಕಂಪನಿಯ ತಾಣದಿಂದ ಹೊಸ ಬಯಾಸ್ ಇಳಿಸಿಕೊಂಡು ಅಪ್‌ಡೇಟ್ ಮಾಡಿ, ಆಮೇಲೆ ಹೊಸ ಪ್ರೊಸೆಸರ್ ಕೂರಿಸಿದರೆ ಪಿಸಿ ಏನೂ ಆಗಿಲ್ಲವೆಂಬಂತೆ ಏಳುತ್ತದೆ. ಹಳೆಯದನ್ನು ಆಗಲೇ ಮಾರಿಬಿಟ್ಟಿದ್ದರೆ? ಬೋರ್ಡಿನ ಹಿಂಬದಿಯಲ್ಲಿ ಬಯಾಸ್ ಫ್ಲ್ಯಾಶ್ ಬಟನ್ ಇದೆಯೇ ನೋಡಿ. ಇದ್ದರೆ ಎಫ್‌ಎಟಿ32 ಮಾಡಿದ ಪೆನ್‌ಡ್ರೈವಿನಿಂದ ಪ್ರೊಸೆಸರ್ ಇಲ್ಲದೆಯೂ ಅಪ್‌ಡೇಟ್ ಆಗುತ್ತದೆ.

ಇಂಟೆಲ್‌ನದು ಇನ್ನೂ ಗೋಜಲು. ಎಲ್‌ಜಿಎ 1151 ಎಂಬ ಒಂದೇ ಹೆಸರಿನ ಸಾಕೆಟ್ಟು 6ರಿಂದ 9ನೆಯ ಪೀಳಿಗೆಯವರೆಗೆ ಬಂತು. ಆದರೆ 6, 7ನೆಯ ಪೀಳಿಗೆಯ ಬೋರ್ಡಿನಲ್ಲಿ 8, 9ನೆಯವು ನಡೆಯುವುದಿಲ್ಲ. ಬಯಾಸ್ ಅಪ್‌ಡೇಟ್ ಮಾಡಿದರೂ ಕಂಪನಿಯ ಒಪ್ಪಿಗೆ ಇಲ್ಲ. ಎಲ್‌ಜಿಎ 1700ರಲ್ಲಿ ಪುಣ್ಯಕ್ಕೆ ಅಷ್ಟು ಕಷ್ಟವಿಲ್ಲ: 12ನೆಯ ಪೀಳಿಗೆಯೊಂದಿಗೆ ಬಂದ 600 ಸರಣಿಯ ಬೋರ್ಡುಗಳು ಬಯಾಸ್ ಹೊಸದಾದರೆ 13, 14ನ್ನೂ ಸ್ವೀಕರಿಸುತ್ತವೆ. ಕೊಳ್ಳುವ ಮೊದಲೇ ಬೋರ್ಡ್ ಕಂಪನಿಯ ತಾಣದಲ್ಲಿ ನಿಮ್ಮ ಬೋರ್ಡಿನ ಪ್ರೊಸೆಸರ್ ಪಟ್ಟಿ ತೆರೆದು ನೋಡಿ, ಎಷ್ಟನೆಯ ಬಯಾಸಿನಿಂದ ಎಂಬುದೂ ಅಲ್ಲಿಯೇ ಇರುತ್ತದೆ.

ಬಯಾಸ್ ಬರೆಯುತ್ತಿರುವಾಗ ಕರೆಂಟು ಹೋದರೆ ಬೋರ್ಡು ಮೂಲೆಗೆ. ಯುಪಿಎಸ್ ಇಲ್ಲದ ಮನೆಯಲ್ಲಿ, ಗುಡುಗು ಮಳೆಯ ಸಂಜೆಯಲ್ಲಿ ಆ ಸಾಹಸ ಬೇಡ.

10. ಹಳೆಯ ಸೆಟ್ಟಿಂಗ್ ಅಳಿಸಿ

ಹಳೆಯ ರ‍್ಯಾಮಿಗೆಂದು ಇಟ್ಟಿದ್ದ ಎಕ್ಸ್‌ಎಂಪಿ ವೇಗ ಹೊಸ ರ‍್ಯಾಮಿಗೆ ಒಗ್ಗದೆ ಬೋರ್ಡು ಕೂತುಬಿಡುವುದುಂಟು. ಪ್ಲಗ್ ಕಿತ್ತು, ಬೋರ್ಡಿನ ಮೇಲಿನ ಸಿಆರ್2032 ಬಟನ್ ಸೆಲ್ ತೆಗೆದು ಐದು ಹತ್ತು ನಿಮಿಷ ಬಿಟ್ಟು ಹಾಕಿ. ಅಥವಾ ಕೈಪಿಡಿಯಲ್ಲಿ ತೋರಿಸಿದ ಕ್ಲಿಯರ್ ಸಿಮಾಸ್ ಪಿನ್ನುಗಳನ್ನು ಸೇರಿಸಿ. ಐದಾರು ವರ್ಷದ ಪಿಸಿಯಾದರೆ ಹೊಸ ಸೆಲ್ಲನ್ನೇ ಹಾಕಿ, ಊರಿನ ವಾಚ್ ಅಂಗಡಿಯಲ್ಲೂ ಸಿಗುತ್ತದೆ.

11. ಎಲ್ಲ ಬಿಚ್ಚಿ, ಬೇಕಾದಷ್ಟನ್ನೇ ಉಳಿಸಿ

ಬೋರ್ಡು, ಪ್ರೊಸೆಸರ್, ಕೂಲರ್, ಒಂದೇ ರ‍್ಯಾಮ್, ಎಸ್‌ಎಂಪಿಎಸ್. ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲದಿದ್ದರೆ ಮಾತ್ರ ಕಾರ್ಡು. ಡಿಸ್ಕು, ವೈಫೈ ಕಾರ್ಡು, ಯುಎಸ್‌ಬಿ ಸಾಮಾನು ಯಾವುದೂ ಬೇಡ. ಇಷ್ಟರಲ್ಲಿ ಬಯಾಸ್ ಪರದೆ ಬಂದರೆ ಒಂದೊಂದೇ ಸೇರಿಸುತ್ತಾ ಹೋಗಿ. ಯಾವುದನ್ನು ಸೇರಿಸಿದಾಗ ನಿಂತಿತೋ ಅದೇ ಕಳ್ಳ.

ಬರದಿದ್ದರೆ ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಹೊರತೆಗೆದು, ಅದು ಬಂದ ರಟ್ಟಿನ ಡಬ್ಬಿಯ ಮೇಲಿಟ್ಟು ಇದೇ ಪರೀಕ್ಷೆ ಮಾಡಿ. ಹೊರಗೆ ನಡೆದು ಒಳಗೆ ನಡೆಯದಿದ್ದರೆ ಬೋರ್ಡಿನ ಕೆಳಗಿರುವ ಹಿತ್ತಾಳೆ ಸ್ಟ್ಯಾಂಡುಗಳನ್ನು ಎಣಿಸಿ. ಹಳೆಯ ದೊಡ್ಡ ಬೋರ್ಡಿಗೆ ಹಾಕಿದ್ದ ಒಂದು ಸ್ಟ್ಯಾಂಡು ಹೊಸ ಚಿಕ್ಕ ಬೋರ್ಡಿನ ತೂತಿಲ್ಲದ ಜಾಗಕ್ಕೆ ತಾಗಿ ಶಾರ್ಟ್ ಮಾಡುತ್ತಿರುತ್ತದೆ. ಬಿದ್ದುಹೋದ ಸ್ಕ್ರೂ ಒಂದು ಬೋರ್ಡಿನ ಅಡಿ ಅವಿತಿರುವುದೂ ಉಂಟು. ಬೋರ್ಡಿನ ಜೊತೆ ಬರುವ ಬೆಳ್ಳಿ ಬಣ್ಣದ ಆ್ಯಂಟಿಸ್ಟಾಟಿಕ್ ಚೀಲದ ಮೇಲಿಟ್ಟು ಮಾತ್ರ ಆನ್ ಮಾಡಬೇಡಿ, ಅದರ ಹೊರಮೈಯಲ್ಲಿ ವಿದ್ಯುತ್ತು ಹರಿಯಬಲ್ಲದು.

12. ಬೋರ್ಡು ಹೇಳುವುದನ್ನು ಕೇಳಿ. ಆರಿಹೋದರೆ ಕೂಲರ್ ನೋಡಿ

ಈಚಿನ ಬೋರ್ಡುಗಳ ಅಂಚಿನಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂಬ ನಾಲ್ಕು ಪುಟ್ಟ ದೀಪಗಳಿರುತ್ತವೆ. ಒಂದೊಂದಾಗಿ ಹೊತ್ತಿ ಆರುವುದು ಸಹಜ; ಯಾವುದು ಆರದೆ ನಿಂತಿತೋ ತೊಂದರೆ ಅಲ್ಲಿದೆ. ದೀಪ ಇಲ್ಲದ ಬೋರ್ಡಿಗೆ ಪುಟ್ಟ ಬೀಪ್ ಸ್ಪೀಕರ್ ಸಿಕ್ಕಿಸಿ. ಬೀಪುಗಳ ಲೆಕ್ಕ ಬಯಾಸ್ ಕಂಪನಿಯಿಂದ ಕಂಪನಿಗೆ ಬೇರೆ, ಯಾರೋ ಹೇಳಿದ್ದನ್ನು ನಂಬದೆ ನಿಮ್ಮ ಕೈಪಿಡಿಯನ್ನೇ ನೋಡಿ.

ಹೊತ್ತಿ ಒಂದೆರಡು ನಿಮಿಷದೊಳಗೆ ಆರುತ್ತಿದ್ದರೆ ಪ್ರೊಸೆಸರ್ ಬೇಯುತ್ತಿದೆ. ಕೂಲರಿನ ತಳದ ಪ್ಲಾಸ್ಟಿಕ್ ಹಾಳೆ ಕಿತ್ತಿದ್ದೀರಾ? ಫ್ಯಾನಿನ ವೈರು ‘ಸಿಪಿಯು ಫ್ಯಾನ್’ ಎಂಬಲ್ಲೇ ಇದೆಯೇ? ಇಂಟೆಲ್ ಕೂಲರಿನ ನಾಲ್ಕು ಕಾಲುಗಳಲ್ಲಿ ಒಂದು ಬೋರ್ಡಿನ ಆಚೆ ಬದಿಗೆ ಹೊರಬರದೆ ನಿಂತಿರುವುದು ತುಂಬಾ ಸಾಮಾನ್ಯ.

13. ಲೋಗೊ ಬಂತು, ವಿಂಡೋಸ್ ಬರಲಿಲ್ಲ

ಬಯಾಸಿನಲ್ಲಿ ಡಿಸ್ಕಿನ ಹೆಸರು ಕಾಣುತ್ತಿದೆಯೇ? ಕಾಣದಿದ್ದರೆ ಸಾಟಾ ಕೇಬಲ್ ಜಾರಿರಬಹುದು. ಹೊಸ ಎಂ.2 ಎಸ್‌ಎಸ್‌ಡಿ ಹಾಕಿದ್ದರೆ, ಅನೇಕ ಬೋರ್ಡುಗಳಲ್ಲಿ ಆ ಸ್ಲಾಟ್ ತುಂಬಿದ ಕೂಡಲೇ ಒಂದೆರಡು ಸಾಟಾ ತೂತುಗಳು ಬಂದ್ ಆಗುತ್ತವೆ. ಡಿಸ್ಕಿನ ಕೇಬಲನ್ನು ಬೇರೆ ತೂತಿಗೆ ಬದಲಿಸಿ.

ಡಿಸ್ಕ್ ಕಂಡೂ ಬೂಟ್ ಆಗದಿದ್ದರೆ ಬೂಟ್ ಕ್ರಮ ನೋಡಿ. ಹಳೆಯ ಎಂಬಿಆರ್ ಪದ್ಧತಿಯ ಡಿಸ್ಕಿಗೆ ಹೊಸ ಬೋರ್ಡಿನ ಬಯಾಸಿನಲ್ಲಿ ಹಳೆಯ ರೀತಿಯ ಬೂಟಿಗೆಂದಿರುವ ಸಿಎಸ್‌ಎಂ ಆನ್ ಮಾಡಬೇಕಾದೀತು. ನೀಲಿ ಪರದೆ ಬಂದು ‘ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್’ ಎಂದರೆ ಡಿಸ್ಕಿನ ಸೆಟ್ಟಿಂಗ್ ಎಎಚ್‌ಸಿಐ, ರೇಡ್, ವಿಎಂಡಿಗಳ ನಡುವೆ ಬದಲಾಗಿದೆ; ಮೊದಲು ಹೇಗಿತ್ತೋ ಹಾಗೆ ಇಡಿ.

ಎಲ್ಲಕ್ಕಿಂತ ಎದೆ ನಡುಗಿಸುವುದು ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಪರದೆ. ಬೋರ್ಡ್ ಬದಲಿಸಿದಾಗ, ಪ್ರೊಸೆಸರ್ ಬದಲಿಸಿದಾಗ, ಕೆಲವೊಮ್ಮೆ ಬಯಾಸ್ ಮುಟ್ಟಿದಾಗಲೂ ಅದು 48 ಅಂಕಿಯ ಕೀಲಿ ಕೇಳಬಹುದು. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಬಳಸುತ್ತಿದ್ದರೆ ಕೀಲಿ ಸಾಮಾನ್ಯವಾಗಿ ಆ ಖಾತೆಯಲ್ಲೇ ಉಳಿದಿರುತ್ತದೆ, ಮೊಬೈಲಿನಿಂದ ತೆರೆದು ನೋಡಿ. ಕೀಲಿ ಎಲ್ಲಿಯೂ ಸಿಗದಿದ್ದರೆ ಡಿಸ್ಕಿನಲ್ಲಿರುವುದನ್ನು ಯಾವ ಅಂಗಡಿಯವನೂ ತೆಗೆದುಕೊಡಲಾರ. ಕ್ಯಾಬಿನೆಟ್ಟಿನ ಸ್ಕ್ರೂ ಬಿಚ್ಚುವ ಮೊದಲೇ ಅದನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

14. ಅಂಗಡಿಗೆ ಒಯ್ಯುವುದಾದರೆ

ಇಷ್ಟಾದರೂ ಏಳದಿದ್ದರೆ ಬದಲಿ ಭಾಗಗಳಿಟ್ಟು ನೋಡುವುದೇ ದಾರಿ, ಅದು ಅಂಗಡಿಯಲ್ಲಿ ಸುಲಭ. ಏನು ಬದಲಿಸಿದಿರಿ, ಯಾವ ದೀಪ ನಿಂತಿದೆ, ಏನೇನು ಮಾಡಿ ನೋಡಿದಿರಿ ಎಂಬುದನ್ನು ಬರೆದುಕೊಂಡು ಹೋಗಿ; ಸುಮ್ಮನೆ ‘ಫಾರ್ಮ್ಯಾಟ್ ಹೊಡೆದುಬಿಡಿ ಸಾರ್’ ಎನ್ನಬೇಡಿ. ಡಿಸ್ಕನ್ನು ಬಿಚ್ಚಿ ಮನೆಯಲ್ಲೇ ಇಟ್ಟು ಹೋದರೆ ಇನ್ನೂ ಒಳ್ಳೆಯದು.

ಬೋರ್ಡನ್ನು ವಾರಂಟಿಗೆ ಕೊಡುವುದಿದ್ದರೆ, ಪ್ರೊಸೆಸರ್ ತೆಗೆದ ಕೂಡಲೇ ಸಾಕೆಟ್ಟಿನ ಪಿನ್ನುಗಳ ಸ್ಪಷ್ಟ ಫೋಟೊ ತೆಗೆದು, ಬೋರ್ಡಿನ ಜೊತೆ ಬಂದಿದ್ದ ಪ್ಲಾಸ್ಟಿಕ್ ಮುಚ್ಚಳ ಹಾಕಿ, ಅಂಗಡಿಯವರ ಎದುರೇ ತೆರೆದು ತೋರಿಸಿ. ಪಿನ್ನು ಬಾಗಿದ ಬೋರ್ಡಿಗೆ ವಾರಂಟಿ ಸಿಗುವುದಿಲ್ಲ, ಮುಚ್ಚಳವಿಲ್ಲದೆ ಬಂದದ್ದನ್ನೂ ತೆಗೆದುಕೊಳ್ಳಲು ಒಪ್ಪದವರಿದ್ದಾರೆ. ಆ ಮುಚ್ಚಳವನ್ನೂ ಬಿಲ್ಲನ್ನೂ ದಯವಿಟ್ಟು ಕಸಕ್ಕೆ ಹಾಕಬೇಡಿ.